ಕರುವಿನ ಪಾಲು

ರಾಯಚೂರು ಸ್ಟೇಷನ್

ಆಲ್ಪ್ಸ್ ಗುಡ್ಡಗಳಿಗೆ ಹೋಗಿ ಬಂದೆ ಎಂದರೆ ರಾಯಚೂರಿನಲ್ಲಿ ಜನ ಮೊದಲು ಕೇಳುವುದು ಚಳಿಯ ವಿಷಯ. ನನಗೆ ನೆನಪಿರುವುದು ಬೆವರು. ಹೇಳಿದರೆ ಯಾರೂ ನಂಬುವುದಿಲ್ಲ. ಒಮ್ಮೊಮ್ಮೆ ನಾನೂ ನಂಬುವುದಿಲ್ಲ. ಹೋದದ್ದು ಎಂಬತ್ತೆರಡರಲ್ಲೋ ಎಂಬತ್ತಮೂರರಲ್ಲೋ ಎಂದು ತಿಳಿಯಲು ಪಾಸ್‌ಪೋರ್ಟ್ ತೆಗೆದು ನೋಡಬೇಕು, ಅದು ಯಾವ ಪೆಟ್ಟಿಗೆಯಲ್ಲಿದೆಯೋ. ವರ್ಷವೇ ಕೈಗೆ ಸಿಗದವನ ಉಳಿದ ಮಾತನ್ನು ಎಷ್ಟು ನಂಬಬೇಕೆಂಬುದು ಓದುವವರಿಗೆ ಬಿಟ್ಟದ್ದು.

ಹೋದ ಕಾರಣ ಮಾತ್ರ ಸ್ಪಷ್ಟವಾಗಿದೆ. ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರ ಓದಿ, ಹೈದರಾಬಾದಿನಲ್ಲಿ ನೌಕರಿ ಮಾಡುತ್ತ ಸಂಜೆ ಹೊತ್ತು ಜರ್ಮನ್ ಕಲಿತು, ಆ ನೌಕರಿ ಬೇಸರವಾಗಿ ಬಿಟ್ಟು, ಇನ್ನೊಂದನ್ನೂ ಬಿಟ್ಟು, ಆಗ ರಾಯಚೂರಿನ ಒಂದು ಹಾಲಿನ ಸಂಘದಲ್ಲಿದ್ದೆ. ಸಂಘದ ಸಭೆಗೆ ಬರುವ ಸಾಹೇಬರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಯುರೋಪಿನ ಒಂದು ಆಕಳು ದೇವದುರ್ಗದ ಒಂದು ಹಿಂಡಿಗೆ ಸಮ. ಗೋಡೆಯ ಮೇಲಿನ ಚಿತ್ರದಲ್ಲಿ ಆ ಆಕಳೂ ಇತ್ತು. ಹಿಂದೆ ಹಿಮದ ಗುಡ್ಡ, ಮುಂದೆ ಹಸಿರು ಹುಲ್ಲು. ಮನುಷ್ಯರು ಯಾರೂ ಇರಲಿಲ್ಲ. ಆ ಹುಲ್ಲು ಕೊಯ್ಯುವವರು ಯಾರು, ಆ ಸಗಣಿ ಬಳಿಯುವವರು ಯಾರು ಎಂದು ಒಮ್ಮೆ ಕೇಳಿದೆ. ಅಲ್ಲಿ ಎಲ್ಲಕ್ಕೂ ಯಂತ್ರವಿದೆ ಎಂದರು. ಗುಡ್ಡದ ಮೈಮೇಲೆ ಯಂತ್ರ ಹೇಗೆ ನಿಲ್ಲುತ್ತದೆ ಎಂದೆ. ಚಹಾ ಬಂತು, ಸಭೆ ಮುಗಿಯಿತು.

ಅದೇ ವರ್ಷ ಆಸ್ಟ್ರಿಯಾ ದೇಶದ ಗುಡ್ಡಗಾಡು ರೈತರ ಒಂದು ಮಂಡಳಿ, ಬಿಸಿಲು ನಾಡಿನ ದನಗಾರರು ಒಂದು ಬೇಸಿಗೆ ತಮ್ಮಲ್ಲಿ ಕೆಲಸ ಮಾಡಿ ನೋಡಲಿ ಎಂದು ಕರೆ ಕಳಿಸಿತು. ಒಬ್ಬ ಕೆಲಸ ಬಲ್ಲವನು, ಒಬ್ಬ ಮಾತು ಬಲ್ಲವನು. ಮಾತಿಗೆ ನಾನು. ಕೆಲಸಕ್ಕೆ ಮಾನ್ವಿ ತಾಲ್ಲೂಕಿನ ಕುರ್ಡಿಯ ಈರಣ್ಣ.

ಈರಣ್ಣ ದನ ಕಾಯುವ ಮನೆತನದವನು, ಐವತ್ತರ ಆಸುಪಾಸು. ದಿನಾ ಬೆಳಗ್ಗೆ ಬಸ್ಸಿನ ಟಾಪಿನ ಮೇಲೆ ಕ್ಯಾನು ಹೇರಿ ಮಾನ್ವಿಯ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ. ತನ್ನ ಕೈಗೆ ಹಾಲು ಬಿಡದ ದನ ಹುಟ್ಟಿಲ್ಲ ಎಂದು ಸಂಘದ ಕಟ್ಟೆಯ ಮೇಲೆ ಕುಳಿತು ಜಂಬ ಕೊಚ್ಚುವುದು ಅವನ ನಿತ್ಯದ ಕೆಲಸ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹೊತ್ತು ಸ್ಟೇಷನ್ನಿಗೆ ಬಂದ. ಬೀಳ್ಕೊಡಲು ಬಂದವರು ನಗುತ್ತಿದ್ದರು.

“ಸರ, ಅಲ್ಲಿ ಎಮ್ಮಿ ಅದಾವೇನ್ರೀ?”

“ಇಲ್ಲೋ. ಬರೇ ಆಕಳ.”

“ಎಮ್ಮಿ ಇಲ್ಲದ ಊರಾಗ ಚಾ ಹೆಂಗ ಕುಡಿತಾರ? ಪಾಪ.” ಆಮೇಲೆ ಜನರ ಕಡೆ ತಿರುಗಿ, “ಲೇ, ನಕ್ಕೋಂತ ನಿಂದ್ರಬ್ಯಾಡ್ರಿ. ಬರೂಮುಂದ ಅವ್ರ ಆಕಳದ ಗುಟ್ಟು ತರ್ತೀನಿ” ಎಂದ.

ಕಣಿವೆಯ ಊರು

ವಿಮಾನದ ಬಗ್ಗೆ ಹೇಳುವುದು ಏನೂ ಇಲ್ಲ. ಈರಣ್ಣ ಇಡೀ ದಾರಿ ಕಂಬಳಿ ಹೊದ್ದು ಮಲಗಿದ್ದ. ರೈಲು ಟಿರೋಲ್ ಸೀಮೆಯ ಕಣಿವೆಗಳಲ್ಲಿ ಸುತ್ತತೊಡಗಿದಾಗ ಎದ್ದು ಕಿಟಕಿಗೆ ಹಣೆ ಒತ್ತಿ ಕುಳಿತ. ರಾಯಚೂರಿನ ಕೋಟೆಯ ಗುಡ್ಡವನ್ನೇ ಗುಡ್ಡ ಅಂದುಕೊಂಡ ನಮಗೆ ಅಲ್ಲಿ ಕುತ್ತಿಗೆ ಎತ್ತಿದಷ್ಟೂ ಗುಡ್ಡ. ಅದರ ನೆತ್ತಿಯ ಹತ್ತಿರ, ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ, ಒಂದೊಂದು ಮನೆ.

“ಅಲ್ಲಿ ಯಾರಿರ್ತಾರ್ರೀ?”

“ನಾವ ಇರಬೇಕಾಗ್ಯದ.”

ಅವನು ನನ್ನ ಮುಖ ನೋಡಿ, ತಮಾಷೆಯಲ್ಲ ಎಂದು ತಿಳಿದು, ಹಣೆಯನ್ನು ಮತ್ತೆ ಗಾಜಿಗೆ ಇಟ್ಟ.

ಕಣಿವೆಯ ಊರಿನಲ್ಲಿ ಒಂದು ರಾತ್ರಿ ಇದ್ದೆವು. ಅಲ್ಲಿಯ ಜನ ದಾರಿಯಲ್ಲಿ ಎದುರಾದ ಪರಿಚಯವಿಲ್ಲದವರಿಗೂ ದೇವರ ಹೆಸರಿನಲ್ಲಿ ನಮಸ್ಕಾರ ಹೇಳುತ್ತಾರೆ, ಆದರೆ ಮುಖ ನೋಡುವುದಿಲ್ಲ. ಈರಣ್ಣ ಪ್ರತಿ ನಮಸ್ಕಾರಕ್ಕೂ ನಿಂತು “ಶರಣ್ರೀ, ಆರಾಮದೀರೇನ್ರೀ?” ಎಂದು ವಿಚಾರಿಸುತ್ತಿದ್ದ. ಅವನ ಮಾತು ಮುಗಿಯುವ ಮೊದಲೇ ಅವರು ತಿರುವು ದಾಟಿರುತ್ತಿದ್ದರು. “ಈ ಮಂದಿಗೆ ಭಾಳ ಗಡಿಬಿಡಿ ಅದರೀ. ಯಾರರ ಸತ್ತಾರೇನ?” ಎಂದು ಕೇಳಿದ. ಅಲ್ಲಿ ಎಲ್ಲರೂ ಹಾಗೆಯೇ ನಡೆಯುತ್ತಾರೆ ಎಂದೆ. ಅವನಿಗೆ ಅದು ನಂಬುವ ಮಾತು ಅನ್ನಿಸಲಿಲ್ಲ.

ಇನ್ನೊಂದು ಫಜೀತಿ ಊಟದ್ದು. ಮಂಡಳಿಯವರು ಅಕ್ಕರೆಯಿಂದ ತಮ್ಮ ಗುಡ್ಡದ ಹಳೆಯ ಗಿಣ್ಣನ್ನು ಬಡಿಸಿದರು. ಅವರು ಗಿಣ್ಣು ಎನ್ನುವುದು ನಮ್ಮ ಈದ ಆಕಳ ಗಿಣ್ಣಲ್ಲ. ಹಾಲು ಒಡೆಸಿ, ಒತ್ತಿ, ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಮಾಗಿಸಿದ್ದು. ಈರಣ್ಣ ವಾಸನೆ ನೋಡಿ ತಟ್ಟೆ ಸರಿಸಿದ. “ಇವರ ಹಾಲು ಕೆಟ್ಟದರೀ. ಹೇಳ್ಬ್ಯಾಡ್ರಿ, ಮನಸಿಗೆ ಹಚ್ಚಿಕೊಂತಾರ” ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನು ಹೇಳಲಿಲ್ಲ.

ಮೇಲಿನ ಮನೆ

ನಮ್ಮನ್ನು ಇಟ್ಟುಕೊಳ್ಳಲು ಒಪ್ಪಿದವಳು ಥೆರೇಸ್ ಎಂಬ ವಿಧವೆ. ಅರವತ್ತಕ್ಕೆ ಹತ್ತಿರದವಳು, ಎತ್ತರದ ಎಲುಬಿನ ಮೈ, ತಲೆಗೆ ವಸ್ತ್ರ, ಲಂಗದ ಮೇಲೆ ಸದಾ ಸೊಂಟಕ್ಕೆ ಕಟ್ಟಿದ ನೀಲಿ ಮುಂದಂಗಿ. ಮಗಳು ಮಾರ್ತಾ ಕೆಳಗೆ ಕಣಿವೆಯ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸಕ್ಕಿದ್ದಳು. ಮೇಲೆ ಥೆರೇಸ್ ಒಬ್ಬಳೇ, ಜೊತೆಗೆ ಆರು ಆಕಳು, ಅವುಗಳ ಕರು, ಒಂದು ಹಂದಿ.

ಮನೆಯ ಕೆಳಭಾಗವೇ ಕೊಟ್ಟಿಗೆ. ಆಕಳ ಬಿಸಿ ಮೇಲೆ ಬಂದು ಮನುಷ್ಯರ ಹಾಸಿಗೆ ಬೆಚ್ಚಗೆ ಇಡುತ್ತದೆ. ವಿದ್ಯುತ್ ಇತ್ತು, ಆದರೆ ದೀಪಕ್ಕೆ ಮಾತ್ರ ಸಾಲುವಷ್ಟು. ಹಾಲು ಹಿಂಡುವ ಯಂತ್ರ ಕಣಿವೆಯಲ್ಲಿ ಎಲ್ಲರ ಮನೆಯಲ್ಲಿತ್ತು, ಅವಳಲ್ಲಿ ಇರಲಿಲ್ಲ. ಹಾಲಿನ ಕ್ಯಾನನ್ನು ಒಂದು ಉಕ್ಕಿನ ತಂತಿಗೆ ತೂಗುಹಾಕಿ, ಕೈಚಕ್ರ ತಿರುಗಿಸಿ ಕೆಳಗಿನ ರಸ್ತೆಗೆ ಇಳಿಸುತ್ತಿದ್ದಳು. ಅಲ್ಲಿ ತಂತಿಯ ಕಂಬದ ಹತ್ತಿರ ಡೇರಿಯ ಲಾರಿ ಬಂದು ಒಯ್ಯುತ್ತಿತ್ತು.

ಮೊದಲ ದಿನವೇ, ಸೂಪಿನ ತಟ್ಟೆಯ ಮುಂದೆ, ಅವಳು ತನ್ನ ಪರಿಸ್ಥಿತಿ ಹೇಳಿದಳು. ಆ ಜನ ಕಷ್ಟವನ್ನು ಹವಾಮಾನ ಹೇಳಿದ ಹಾಗೆ ಹೇಳುತ್ತಾರೆ. ಮೇಲಿನ ಮನೆಗಳ ಹಾಲು ಡೇರಿಗೆ ಹೊರೆಯಾಗಿತ್ತು; ಒಂದೊಂದಾಗಿ ಕೈಬಿಡುತ್ತ ಬಂದಿದ್ದರು. ವಸಂತದಲ್ಲಿ ಅವಳ ಒಂದು ಕ್ಯಾನು ಪರೀಕ್ಷೆಯಲ್ಲಿ ಕೆಟ್ಟು ವಾಪಸಾಗಿತ್ತು. ಇನ್ನೊಂದು ಸಲ ವಾಪಸಾದರೆ ಲಾರಿ ಅವಳ ಕಂಬದ ಹತ್ತಿರ ನಿಲ್ಲುವುದಿಲ್ಲ.

“ನಿಲ್ಲದಿದ್ದರೆ?” ಎಂದು ಕೇಳಿದೆ.

“ಆಕಳು ಹೋಗುತ್ತವೆ. ನಾನು ಮಾರ್ತಾಳ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ.” ಚಮಚ ಕೆಳಗಿಟ್ಟು, “ನಾನು ಇಂದಿನವರೆಗೆ ಇನ್ನೊಬ್ಬರ ಪಾತ್ರೆ ತೊಳೆದಿಲ್ಲ” ಎಂದಳು.

ಇದನ್ನು ಈರಣ್ಣನಿಗೆ ಹೇಳಿದೆ. ಅವನು ಅವಳ ಕೈ ನೋಡುತ್ತಿದ್ದ. ಬಲ ಮಣಿಕಟ್ಟು ಊದಿ, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. “ಆಯಿ ಕೈ ಹೋಗ್ಯಾವ್ರೀ. ಈ ಕೈಲೆ ಆರು ಆಕಳ ಹಿಂಡ್ತಾಳ? ಹೇಳ್ರಿ, ನಾ ಅದೀನಿ ಅಂತ. ಎಡಗೈ ಕೆಲಸ ನನಗದು.”

ಸಂಜೆ ಅವಳು ಅವನ ಕೈ ಪರೀಕ್ಷೆ ಮಾಡಿದಳು. ಈರಣ್ಣ ಲೀಸಿ ಎಂಬ ಬೂದು ಆಕಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅವಳು ಕೊಟ್ಟ ಒಂಟಿಗಾಲಿನ ಮಣೆಯನ್ನು ದೂರ ತಳ್ಳಿ, ಬಕೆಟ್ಟನ್ನು ಮೊಣಕಾಲ ನಡುವೆ ಸಿಕ್ಕಿಸಿದ. “ಬಾರವ್ವ ಲಸಮಿ, ಬಾರ ನಮ್ಮವ್ವ, ಹೊಸ ಕೈಯಂತ ಹೆದರಬ್ಯಾಡ” ಎಂದು ಮಾತಾಡಿಸುತ್ತ ಬೆನ್ನು ಸವರಿದ. ಆಕಳು ಕಿವಿ ತಿರುಗಿಸಿತು. ಹಾಲು ಬಕೆಟ್ಟಿನಲ್ಲಿ ನೊರೆ ಕಟ್ಟಿದ್ದು ನೋಡಿ ಥೆರೇಸ್ ತಲೆಯಾಡಿಸಿದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಲಿಲ್ಲ. ಲೀಸಿ ಮತ್ತು ಅದರ ಪಕ್ಕದ ಆಕಳು ಅಂದಿನಿಂದ ಹಿಂಡುವುದಕ್ಕೆ ಈರಣ್ಣನವು, ಉಳಿದ ನಾಲ್ಕು ಅವಳವು.

ಒಂದು ಪದ್ಧತಿ ತೋರಿಸಿದಳು. ಹಿಂಡುವ ಮೊದಲು ಪ್ರತಿ ಮೊಲೆಯ ಮೊದಲ ಧಾರೆಯನ್ನು ಒಂದು ಕರಿ ತಟ್ಟೆಗೆ ಬಿಟ್ಟು ನೋಡಬೇಕು. ಹೆಪ್ಪುಗಟ್ಟಿದ ಚೂರು, ಗರಣೆ, ಕಂಡರೆ ಕೆಚ್ಚಲು ಕೆಟ್ಟಿದೆ ಎಂದು ಅರ್ಥ. ನಾನು ಹಾಗೆಯೇ ಹೇಳಿದೆ. ಈರಣ್ಣನ ಮುಖ ಅರಳಿತು.

“ನಮ್ಮಲ್ಲೂ ಹಂಗ ಅದರೀ! ಮೊದಲ ಧಾರಿ ಭೂಮಿತಾಯಿಗೆ.”

“ಭೂಮಿತಾಯಿಗೆ ಅಲ್ಲೋ, ನೋಡಾಕ.”

“ನೋಡಾದೇನದ್ರೀ ಸರ? ಹಾಲ ಬೆಳ್ಳಗೇ ಇರ್ತದ.”

ಎರಡು ದಿನ ತಟ್ಟೆ ಹಿಡಿದ. ಮೂರನೆಯ ದಿನದಿಂದ ತಟ್ಟೆ ಗೂಟಕ್ಕೆ ನೇತಾಡುತ್ತಿತ್ತು. ಮೊದಲ ಧಾರೆಯನ್ನು ಅವನು ಕಣ್ಣು ಮುಚ್ಚಿ, ಎದೆಗೆ ಕೈ ಮುಟ್ಟಿಸಿಕೊಂಡು ನೆಲಕ್ಕೆ ಬಿಡುತ್ತಿದ್ದ.

ಅವನನ್ನು ಕಾಡಿದ್ದು ಕರುಗಳು. ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡಿ ಕೊಟ್ಟಿಗೆಯ ಆಚೆ ಮೂಲೆಯ ಕಟಾಂಜನದಲ್ಲಿ ಬಿಡುತ್ತಾರೆ. ರಬ್ಬರಿನ ಮೊಲೆಯ ಬಕೆಟ್ಟಿನಿಂದ ಕುಡಿಸುತ್ತಾರೆ. ತಾಯಿ ಇಲ್ಲಿ, ಕರು ಅಲ್ಲಿ, ನಡುವೆ ನಾಲ್ಕು ಮಾರು ಜಾಗ. ನಮ್ಮ ಕಡೆ ಕರು ಬಾಯಿ ಹಾಕದೆ ಆಕಳು ತೊರೆಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ, ಹಿಂಡಿದ ಮೇಲೆ ಕರುವನ್ನು ಮತ್ತೆ ಬಿಡುತ್ತೇವೆ. ಈರಣ್ಣ ಕಟಾಂಜನದ ಮುಂದೆ ನಿಂತು, “ತಾಯಿ ಇದ್ದೂ ಪರದೇಶಿ ಆಗ್ಯಾವ್ರೀ ಇವು. ಕೇಳ್ರಿ ಆಯಿಗೆ, ಏನ್ ಪಾಪ ಮಾಡ್ಯಾವ?” ಎಂದ.

ಕೇಳಿದೆ. “ಕರು ಕುಡಿದರೆ ನಾನು ಮಾರುವುದು ಏನನ್ನು?” ಎಂದಳು ಥೆರೇಸ್, ಸಗಣಿ ಎಳೆಯುವುದನ್ನು ನಿಲ್ಲಿಸದೆ.

ಹುಲ್ಲಿನ ಇಳಿಜಾರು

ಹುಲ್ಲು ಕೊಯ್ಯುವ ದಿನಗಳು ಬಂದವು. ನಾನು ನೋಡಲು ಬಂದದ್ದು ಇದನ್ನೇ, ನೋಡಿದ ಮೇಲೆ ಯಾಕೆ ಬಂದೆನೋ ಅನ್ನಿಸಿತು.

ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ನಿಂತು ಕೈ ಚಾಚಿದರೆ ಎದುರಿನ ನೆಲ ಮುಟ್ಟುತ್ತಿತ್ತು. ಬೂಟಿನ ಕೆಳಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು, ಉದ್ದ ಹಿಡಿಯ ಕುಡುಗೋಲನ್ನು ಸೊಂಟದಿಂದ ಬೀಸಿ ಕೊಯ್ಯಬೇಕು. ಕೊಯ್ದದ್ದನ್ನು ಹರಡಬೇಕು, ತಿರುವಿ ಹಾಕಬೇಕು, ಮಳೆ ಬರುವ ಹಾಗಿದ್ದರೆ ಓಡಿ ಕೂಡಿಸಬೇಕು, ಒಣಗಿದ ಮೇಲೆ ದೊಡ್ಡ ವಸ್ತ್ರದಲ್ಲಿ ಗಂಟು ಕಟ್ಟಿ ತಲೆ ಮತ್ತು ಬೆನ್ನ ಮೇಲೆ ಹೊತ್ತು ತರಬೇಕು. ದೂರದಿಂದ ನೋಡಿದರೆ ಹುಲ್ಲಿನ ಬಣವೆಗೆ ಎರಡು ಕಾಲು ಬಂದು ನಡೆಯುತ್ತಿರುವ ಹಾಗೆ. ಥೆರೇಸಳ ಗಂಡ ಸತ್ತದ್ದು ಹೀಗೆಯೇ. ಗಂಟಿನ ಸಮೇತ ಜಾರಿದ. “ಹುಲ್ಲು ಚೆದುರಿರಲಿಲ್ಲ. ಒಳ್ಳೆಯ ಗಂಟು ಕಟ್ಟುತ್ತಿದ್ದ” ಎಂದಳು. ಹಾಗೆಂದಳು ಎಂದೇ ನನ್ನ ನೆನಪು. ಇಂಥ ಮಾತನ್ನು ಯಾರಾದರೂ ಹೇಳುತ್ತಾರೆಯೇ ಎಂದು ಈಗ ಸಂಶಯ ಬರುತ್ತದೆ.

ನಾನು ಒಂದು ಗಂಟು ಹೊತ್ತೆ. ಅರ್ಧ ದಾರಿಯಲ್ಲಿ ಕುಳಿತುಬಿಟ್ಟೆ. ಕುತ್ತಿಗೆಯೊಳಗೆ ಹುಲ್ಲಿನ ಪುಡಿ, ಕಣ್ಣಿಗೆ ಬೆವರು. ದೇವದುರ್ಗದಿಂದ ಮುಂಬೈ, ಪುಣೆಗೆ ಗುಳೆ ಹೋಗುವವರು ಬಸ್‌ಸ್ಟ್ಯಾಂಡಿನಲ್ಲಿ ಗಂಟು ಇಟ್ಟುಕೊಂಡು ಕುಳಿತಿರುವುದನ್ನು ನಾನು ವರ್ಷ ವರ್ಷ ನೋಡಿದ್ದೆ. ಅವರ ದುಡಿಮೆ ಕಡಿಮೆ ಹುಟ್ಟುವಳಿಯದು, ಯುರೋಪಿನದು ಹೆಚ್ಚು ಹುಟ್ಟುವಳಿಯದು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆ ಇಳಿಜಾರಿನಲ್ಲಿ ಕುಳಿತು ಒಂದು ಚೊಂಬು ಹಾಲಿನ ಹಿಂದೆ ಎಷ್ಟು ದುಡಿಮೆ ಎಂದು ಲೆಕ್ಕ ಹಾಕಲು ನೋಡಿದೆ. ಹುಲ್ಲಿನಿಂದ ಶುರು ಮಾಡಲೋ, ಗಂಡನಿಂದ ಶುರು ಮಾಡಲೋ ತಿಳಿಯದೆ ಬಿಟ್ಟೆ.

ಈರಣ್ಣ ಎರಡು ಗಂಟು ಮುಟ್ಟಿಸಿ ಬಂದು ನನ್ನ ಪಕ್ಕ ಕುಳಿತ.

“ಸರ, ಗುಟ್ಟು ಸಿಕ್ತು.”

“ಏನು?”

“ನಮ್ಮ ಆಕಳ ಹಾಲು ಕಡಿಮಿ ಕೊಡ್ತದ, ಖರೇ. ಆದ್ರ ತಾನ ಹೋಗಿ ಮೇಯ್ಕೊಂಡು ಬರ್ತದ. ಇಲ್ಲಿ ಆಕಳ ಮನ್ಯಾಗ ಕುಂತದ, ಆಯಿ ಗುಡ್ಡ ಹತ್ತಿ ಮೇಯಾಕ ಬಂದಾಳ.”

ಇಬ್ಬರೂ ನಕ್ಕೆವು. ಮೇಲಿನಿಂದ ಥೆರೇಸ್ ಕೂಗಿದಳು, ಮೋಡ ಬರುತ್ತಿತ್ತು. ನಗು ಅಲ್ಲಿಗೇ ಮುಗಿಯಿತು. ಅವಳು ಕತ್ತಲಾಗುವವರೆಗೂ ಹುಲ್ಲಿನಲ್ಲೇ ಇರುತ್ತಿದ್ದಳು, ಸಂಜೆಯ ಹಾಲು ಬಹುಪಾಲು ಈರಣ್ಣನ ಕೈಗೆ ಬಿಟ್ಟು. ಕ್ಯಾನಿನಲ್ಲಿ ಹಾಲು ಸ್ವಲ್ಪ ಇಳಿದದ್ದನ್ನು ಗಮನಿಸಿದಳು. ಸೆಕೆಯಿರಬೇಕು ಎಂದಳು.

ತಂತಿಯ ತುದಿ

ಕ್ಯಾನು ವಾಪಸು ಬಂದದ್ದು ಒಂದು ಮಧ್ಯಾಹ್ನ. ಖಾಲಿ ಕ್ಯಾನು ಮೇಲೆ ಬರುವಾಗ ಗಾಳಿಗೆ ತೂಗಾಡುತ್ತ ಬರುತ್ತದೆ. ಅಂದು ತಂತಿ ಬಿಗಿಯಾಗಿ, ಕ್ಯಾನು ನಿಧಾನವಾಗಿ ಬಂತು. ಥೆರೇಸ್ ಚಕ್ರದ ಹಿಡಿ ತಿರುಗಿಸುತ್ತಿದ್ದವಳು ತೂಕದಿಂದಲೇ ತಿಳಿದಳು. ನಾನು ಅವಳ ಕೈಯಿಂದ ಹಿಡಿ ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ. ಕ್ಯಾನಿನ ಕೊರಳಿಗೆ ಒಂದು ಕೆಂಪು ಚೀಟಿ ಕಟ್ಟಿತ್ತು. ಕೆಂಪೇ ಎಂದು ಕಾಣುತ್ತದೆ. ಹಳದಿ ಎಂದು ಈರಣ್ಣ ಹೇಳುತ್ತಾನೆ.

ಅವಳು ಚೀಟಿ ಓದಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಗೂಟದಿಂದ ಕರಿ ತಟ್ಟೆ ತೆಗೆದುಕೊಂಡಳು. ಅವಳು ಹಿಂಡುವ ನಾಲ್ಕು ಆಕಳು ಸರಿಯಿದ್ದವು. ಈರಣ್ಣನ ಎರಡರಲ್ಲಿ ಒಂದು ಸರಿಯಿತ್ತು. ಲೀಸಿಯ ಮೂರು ಮೊಲೆ ಸರಿಯಿದ್ದವು. ನಾಲ್ಕನೆಯದರಿಂದ, ಕರಿ ತಟ್ಟೆಯ ಮೇಲೆ, ಒಡೆದ ಮಜ್ಜಿಗೆಯಂಥ ಚೂರುಗಳು ಬಿದ್ದವು. ಅವಳು ಬಗ್ಗಿ ಕೆಚ್ಚಲ ಆ ಭಾಗವನ್ನು ಮುಟ್ಟಿದಳು. ಲೀಸಿ ಕಾಲು ಎತ್ತಿತು.

“ಇವನು ಹಿಂಡುವುದನ್ನು ಹೇಗೆ ಮುಗಿಸುತ್ತಾನೆ? ಕೇಳು” ಎಂದಳು ನನಗೆ.

ನಾನು ಕೇಳಿದೆ. ಈರಣ್ಣನಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ತನ್ನ ಕಸುಬಿನ ವಿಷಯ ಕೇಳಿದರೆಂದು ಉತ್ಸಾಹದಿಂದ ಹೇಳಿದ: “ಮೂರು ಮೊಲಿ ಖಾಲಿ ಮಾಡ್ತೀನ್ರೀ. ಕಡೀ ಮೊಲ್ಯಾಗ ಕರಕ್ಕಂತ ಸ್ವಲ್ಪ ಬಿಡ್ತೀನಿ. ನಮ್ಮಪ್ಪ ಕಲಿಸಿದ್ದು. ಪೂರಾ ಹಿಂಡಬಾರದ್ರೀ, ಆಕಳ ಮನಸ ಮುರಿತದ.”

“ಕರ ಕುಡಿಯಂಗಿಲ್ಲಲ್ಲೋ ಇಲ್ಲಿ.”

“ಗೊತ್ತದ್ರೀ. ಆದ್ರ ಕೈ ಹೆಂಗ ಬಿಡ್ತದ? ಕರದ ಪಾಲು ಕರದ್ದು. ಕುಡಿಲಿ ಬಿಡಲಿ.”

ಅದನ್ನು ಹಾಗೆಯೇ ಜರ್ಮನ್‌ಗೆ ಹಾಕಿದೆ. ನಮ್ಮ ಕಡೆ ಕರು ಬಂದು ಉಳಿದದ್ದನ್ನು ಚೀಪಿ ಖಾಲಿ ಮಾಡುತ್ತದೆ, ಕೆಚ್ಚಲಿನಲ್ಲಿ ಏನೂ ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಿದೆ. ಇಲ್ಲಿ ಅದು ಪ್ರತಿ ಹೊತ್ತೂ ಉಳಿದು, ಕೆಟ್ಟು, ಇಡೀ ಕ್ಯಾನನ್ನು ಕೆಡಿಸಿತ್ತು. ಅಥವಾ ನನ್ನ ಓದಿನ ಬುದ್ಧಿ ಅಲ್ಲೇ ಹೇಳಿದ ಹಾಗೆ, ವಸಂತದಲ್ಲಿ ಕೆಟ್ಟದ್ದೂ ಲೀಸಿಯ ಅದೇ ಮೊಲೆಯೇ ಇರಬಹುದು, ರೋಗ ಮೊದಲೇ ಅಲ್ಲಿ ಕುಳಿತಿದ್ದಿರಬಹುದು, ಈರಣ್ಣ ಅದಕ್ಕೆ ಊಟ ಹಾಕಿದ ಅಷ್ಟೆ. ಇದನ್ನು ಥೆರೇಸಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

“ಇರಬಹುದು. ಅದನ್ನು ನೋಡಲು ತಟ್ಟೆ ಕೊಟ್ಟಿದ್ದೆ.”

ನನ್ನ ನೆನಪಿನಲ್ಲಿ ಅವಳು ಆಗ ಒಂದು ಸಲ ನಕ್ಕಳು, ಮೂಗಿನಿಂದ, ಸಣ್ಣಗೆ. ವರ್ಷಗಳ ಮೇಲೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಈರಣ್ಣ, ಆಯಿ ಅತ್ತಳು ಎಂದು ಆಣೆ ಮಾಡಿ ಹೇಳಿದ. ನಾವಿಬ್ಬರೂ ಒಂದೇ ಕೊಟ್ಟಿಗೆಯಲ್ಲಿ, ಅವಳಿಂದ ಒಂದೇ ದೂರದಲ್ಲಿ ನಿಂತಿದ್ದೆವು.

ಅವನಿಗೆ ವಿಷಯ ತಿಳಿಸಿದಾಗ ಮೊದಲು ಸಿಟ್ಟು ಮಾಡಿದ. “ಹಾಲ ಬಿಟ್ರ ಆಕಳ ಕೆಡ್ತದಂತ ಯಾರ ಅಂತಾರ? ಇಡೀ ತಾಲ್ಲೂಕು ಬಿಡ್ತದ!” ಆಮೇಲೆ ಬಂದು ತಾನೇ ಕೆಚ್ಚಲು ಮುಟ್ಟಿ ನೋಡಿದ. ಕಲ್ಲಿನಂತಿತ್ತು, ಬಿಸಿಯಾಗಿತ್ತು. ಅವನ ಕೈ ಅಲ್ಲೇ ನಿಂತಿತು.

“ಆಯಿಗೆ ಅನ್ರಿ, ಬೇಕಂತ ಮಾಡಿಲ್ಲಂತ.”

“ಅಂದೀನಿ.”

“ಇನ್ನೊಮ್ಮೆ ಅನ್ರಿ.”

ಇನ್ನೊಮ್ಮೆ ಹೇಳಿದೆ. ಥೆರೇಸ್ ಅವನ ಕೈಯಿಂದ ಬಕೆಟ್ಟು ತೆಗೆದುಕೊಂಡು ಸಗಣಿ ಎಳೆಯುವ ಗುದ್ದಲಿ ಕೊಟ್ಟಳು. ಅಂದಿನಿಂದ ಆರೂ ಆಕಳನ್ನು ಆ ಊದಿದ ಕೈಯಿಂದ ತಾನೇ ಹಿಂಡಿದಳು. ಈರಣ್ಣ ದಿನವಿಡೀ ಸಗಣಿ ಎಳೆದ, ನೀರು ಹೊತ್ತ, ಕಲ್ಲಿನ ಗೋಡೆ ಕಟ್ಟಿದ, ಒಬ್ಬನೇ ಮೂವರ ಕೆಲಸ ಮಾಡಿದ. ಅವಳು ಎದುರಾದರೆ ದಾರಿ ಬಿಟ್ಟು ಗೋಡೆಗೆ ಸರಿದು ನಿಲ್ಲುತ್ತಿದ್ದ. ಲಾರಿ ಕಂಬದ ಹತ್ತಿರ ನಿಲ್ಲುವುದು ಬಿಟ್ಟಿತು. ಅದರ ಸದ್ದು ಬೆಳಗ್ಗೆ ತಿರುವಿನಿಂದ ತಿರುವಿಗೆ ಹಾದುಹೋಗುವುದು ಮೇಲೆ ಕೇಳುತ್ತಿತ್ತು. ಹಿಂಡಿದ ಹಾಲು ಕರುಗಳಿಗೆ ಹೋಯಿತು, ಮಿಕ್ಕದ್ದು ಹಂದಿಗೆ.

ಇಳಿಯುವ ದಿನ

ದನದ ವ್ಯಾಪಾರಿಯನ್ನು ಮಾರ್ತಾ ಕೆಳಗಿನಿಂದ ಗೊತ್ತು ಮಾಡಿದಳು. ಅವನು ಆಕಳು ಒಯ್ಯುವ ಹಿಂದಿನ ದಿನವೇ ಬಂದು ನೋಡಿ ಹೋದ. ದಪ್ಪ ಮನುಷ್ಯ, ಮಾತಿಗೆ ಮೊದಲು ನಗುವವನು. ಲೀಸಿಯ ಹತ್ತಿರ ಬಂದಾಗ ಮಾತ್ರ ನಗಲಿಲ್ಲ. ಇದು ಬೇಡ ಎಂದು ಮುಂದೆ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಥೆರೇಸಳಿಗೆ ಏನೋ ಹೇಳಿದ.

ಮಾರನೆಯ ಬೆಳಗ್ಗೆ ಹಿಂಡುವ ಹೊತ್ತಿಗೆ ಆಕಳುಗಳು ಕೂಗತೊಡಗಿದವು. ಥೆರೇಸ್ ಅಡಿಗೆಮನೆಯಲ್ಲಿ ಕುಳಿತಿದ್ದಳು, ಕೈಗಳು ಮೇಜಿನ ಮೇಲೆ. ಬಕೆಟ್ಟು ತೊಳೆದು ಬೋರಲು ಹಾಕಿತ್ತು. ಕೂಗು ಹೆಚ್ಚಿತು. ನೆಲದ ಹಲಗೆಗಳ ಸಂದಿಯಿಂದ ಅದು ನೇರ ನಮ್ಮ ಪಾದಕ್ಕೆ ಬರುತ್ತಿತ್ತು. ಈರಣ್ಣನಿಗೆ ತಡೆಯಲಾಗಲಿಲ್ಲ.

“ಸರ, ಆಯಿಗೆ ಮೈಯಾಗ ಆರಾಮಿಲ್ಲೇನ? ಕೆಚ್ಚಲ ಬಿರಿಯಾಕತ್ತಾವ್ರೀ. ನಾ ಹೋಗ್ಲೇನು?” ಎಂದವನೇ ಬಕೆಟ್ಟಿಗೆ ಕೈ ಹಾಕಿದ.

ಅವಳು ಎದ್ದು ಅವನ ಮಣಿಕಟ್ಟು ಹಿಡಿದಳು. ಅಷ್ಟು ದಿನಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ.

“ಇಂದು ಹಿಂಡಬಾರದು. ವ್ಯಾಪಾರಿ ಹೇಳಿದ್ದಾನೆ. ಕೆಚ್ಚಲು ತುಂಬಿದ್ದರೆ ಕೆಳಗೆ ಬೇಗ ಕೊಳ್ಳುವವರು ಸಿಗುತ್ತಾರೆ.”

ನಾನು ಹೇಳುವ ಮೊದಲೇ ಈರಣ್ಣನಿಗೆ ತಿಳಿದಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಐದು ಆಕಳುಗಳನ್ನು ಕಾಲುದಾರಿಯಲ್ಲಿ ಇಳಿಸಿದೆವು. ಮುಂದೆ ಥೆರೇಸ್, ಹಿಂದೆ ಈರಣ್ಣ, ನಡುವೆ ನಾನು. ಕಾಲು ಅಗಲಿಸಿ ನಡೆಯುತ್ತಿದ್ದವು. ಕೆಚ್ಚಲು ತೊಡೆಗೆ ತಾಗಿದಾಗಲೆಲ್ಲ ನಿಲ್ಲುತ್ತಿದ್ದವು. ಹಾಲು ತಾನೇ ಸೋರತೊಡಗಿತು. ಕಲ್ಲುಗಳ ಮೇಲೆ ಬಿಳಿ ಹನಿಗಳು ಬೀಳುತ್ತ ಹೋದವು, ನಾವು ಅವುಗಳ ಮೇಲೆ ಕಾಲಿಟ್ಟು ಇಳಿದೆವು. ಸದಾ ಆಕಳುಗಳನ್ನು ಮಾತಾಡಿಸುವ ಈರಣ್ಣ ಅಂದು ಅವು ನಿಂತಾಗಲೆಲ್ಲ ಬರೇ ಬೆನ್ನು ಮುಟ್ಟಿ ಮುಂದೆ ನಡೆಸುತ್ತಿದ್ದ.

ರಸ್ತೆಯಲ್ಲಿ ವ್ಯಾಪಾರಿ ಒಂದೊಂದರ ಕೆಚ್ಚಲನ್ನೂ ಅಂಗೈಯಿಂದ ಎತ್ತಿ ನೋಡಿ ಲಾರಿಗೆ ಹತ್ತಿಸಿದ. ಹಲಗೆ ಮೇಲೆತ್ತಿ ಕೊಂಡಿ ಹಾಕಿದ. ಲಾರಿ ಹೊರಟ ಮೇಲೂ ಕೂಗು ಕೇಳುತ್ತಿತ್ತು.

ಈರಣ್ಣ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. “ದೇವದುರ್ಗದ ಸಂತ್ಯಾಗೂ ಹಿಂಗ ಹಿಂಡದ ನಿಂದ್ರಸ್ತೀವಲ್ರೀ ಸರ. ನಾನೂ ನಿಂದ್ರಸೀನಿ” ಎಂದ.

ಥೆರೇಸ್ ಅವನು ಏನೆಂದ ಎಂದು ಕೇಳಿದಳು. ಹೇಳಿದೆ. ಅವಳು ಅವನ ಕಡೆ ತಿರುಗಿ, “ಅಲ್ಲಿಯೂ ಕೂಗುತ್ತವೆಯೇ?” ಎಂದಳು.

ಕನ್ನಡದಲ್ಲಿ ಕೇಳಿದೆ.

“ಕೂಗ್ತಾವ್ರೀ ಯವ್ವಾ. ಕೊಂಡಾಂವ ಮನಿಗೆ ಒಯ್ದು ಹಿಂಡಿದ ಮ್ಯಾಲ ಸುಮ್ಮನಾಗ್ತಾವ.”

ಅದನ್ನೂ ಅವಳಿಗೆ ಹೇಳಿದೆ. ಮುಂದಂಗಿಗೆ ಕೈ ಒರೆಸಿಕೊಂಡು ಮತ್ತೆ ಗುಡ್ಡ ಹತ್ತತೊಡಗಿದಳು. ಮೇಲೆ ಆಕಳೆಂದರೆ ಲೀಸಿ ಒಂದೇ ಉಳಿದಿತ್ತು, ಅದನ್ನು ಹಿಂಡುವ ಹೊತ್ತು ಮೀರಿತ್ತು. ಕಟುಕ ಸೋಮವಾರ ಬರುವವನಿದ್ದ. ನಾವು ಏದುಸಿರು ಬಿಡುತ್ತ ಕೊಟ್ಟಿಗೆ ಮುಟ್ಟುವಾಗ ಅವಳು ಆಗಲೇ ಮಣೆಯ ಮೇಲೆ ಕುಳಿತು, ಹಣೆಯನ್ನು ಆಕಳ ಪಕ್ಕೆಗೆ ಒತ್ತಿ ಹಿಂಡುತ್ತಿದ್ದಳು. ಬಕೆಟ್ಟು ಇಟ್ಟುಕೊಂಡಿರಲಿಲ್ಲ. ಮೂರು ಒಳ್ಳೆಯ ಮೊಲೆ, ಒಂದು ಕೆಟ್ಟದ್ದು, ನಾಲ್ಕನ್ನೂ ಸರದಿಯ ಮೇಲೆ, ಕಡೆಯ ಹನಿ ಬರುವವರೆಗೆ, ಸಗಣಿಯ ಕಾಲುವೆಗೆ.